ನಾಯಿಯ ಅನ್ನಕ್ಕೆ ಅರಿಶಿನವೋ, ಶುಂಠಿಯೋ, ಸೋಂಪೋ? ಮುಂಬಯಿ, ಪುಣೆ, ಗೋವಾದ ಅಡುಗೆಮನೆಗೊಂದು ಹೋಲಿಕೆ

ರುಚಿಗೆಂದು ನಾಯಿಗೆ ಮಸಾಲೆ ಬೇಕಿಲ್ಲ. ಊಟವನ್ನು ಅದು ಮೂಗಿನಲ್ಲೇ ಮುಕ್ಕಾಲು ಉಂಡಿರುತ್ತದೆ. ಆದ್ದರಿಂದ ಸಾಂಬಾರ ಡಬ್ಬಿಗೆ ಕೈಹಾಕುವ ಮೊದಲು ಯಾತಕ್ಕೆ ಹಾಕುತ್ತಿದ್ದೇವೆ ಎಂಬುದು ಗೊತ್ತಿರಬೇಕು. ಮನೆಗಳಲ್ಲಿ ಸಾಮಾನ್ಯವಾಗಿ ಕಾರಣ ನಾಲ್ಕು: ವಯಸ್ಸಾದ ನಾಯಿಯ ಕೀಲುನೋವು, ಕಾರಿನಲ್ಲಿ ವಾಂತಿ, ಹೊಟ್ಟೆಯಲ್ಲಿ ವಾಯು, ಊಟ ಬಿಟ್ಟಿರುವುದು. ಮೊದಲ ಮೂರಕ್ಕೆ ಒಂದೊಂದು ಪದಾರ್ಥವನ್ನು ಪ್ರಯತ್ನಿಸಬಹುದು, ಕ್ರಮವಾಗಿ ಅರಿಶಿನ, ಶುಂಠಿ, ಸೋಂಪು. ನಾಲ್ಕನೆಯದಕ್ಕೆ ಡಬ್ಬಿಯಲ್ಲಿ ಏನೂ ಇಲ್ಲ. ಒಂದು ದಿನಕ್ಕಿಂತ ಹೆಚ್ಚು ಊಟ ಮುಟ್ಟದ ನಾಯಿಗೆ ತುಪ್ಪ, ಜೀರಿಗೆ ಹಾಕಿ ಪುಸಲಾಯಿಸುತ್ತ ಕೂರದೆ ಪಶುವೈದ್ಯರ ಬಳಿ ಕರೆದೊಯ್ಯಬೇಕು. ಈ ಮೂರೂ ತೊಂದರೆ ಇಲ್ಲದೆ ಚೆನ್ನಾಗಿ ತಿಂದುಂಡು ಓಡಾಡಿಕೊಂಡಿರುವ ನಾಯಿಗೆ ಯಾವ ಮಸಾಲೆಯೂ ಬೇಡ, ‘ರೋಗನಿರೋಧಕ ಶಕ್ತಿಗೆ’ ಎಂಬ ನೆಪಕ್ಕೂ ಬೇಡ.

ಅಂಗಡಿಯಲ್ಲಿ ಹೆಸರು ತಪ್ಪಿದರೆ

ಇದು ಕನ್ನಡದವರಿಗೇ ಇರುವ ತೊಡಕು. ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ಕಿರಾಣಿ ಅಂಗಡಿಗೆ ಹೋಗಿ ‘ಶುಂಠಿ’ ಎಂದರೆ ಅಂಗಡಿಯವನ ಕಿವಿಗೆ ಅದು ‘ಸುಂಠ’ ಎಂದು ಬೀಳುತ್ತದೆ. ಮರಾಠಿಯಲ್ಲಿ ಸುಂಠ ಎಂದರೆ ಒಣಶುಂಠಿ, ಹಸಿಶುಂಠಿಗೆ ‘ಆಲೆ’. ಒಣಗಿದ ಪುಡಿ ಹಸಿಯದಕ್ಕಿಂತ ಚಮಚಕ್ಕೆ ಚಮಚ ತುಂಬ ತೀಕ್ಷ್ಣ. ಹಸಿಶುಂಠಿಯ ಅಳತೆಯಲ್ಲಿ ಅದನ್ನು ಹಾಕಿದರೆ ನಾಯಿಯ ಹೊಟ್ಟೆ ಉರಿಯುತ್ತದೆ. ಸೋಂಪಿಗೆ ‘ಬಡಿಶೇಪ’ ಎಂದು ಪೂರ್ತಿ ಹೇಳಿ. ಬರೀ ‘ಶೇಪ’ ಎಂದರೆ ಸಬ್ಬಸಿಗೆ ಬೀಜ, ಅಂದರೆ ಬಾಳಂತಶೇಪ, ಕೈಗೆ ಬರಬಹುದು. ‘ಓವಾ’ ಎಂದರೆ ಓಮ. ಅದರಲ್ಲಿ ಥೈಮಾಲ್ ಎಂಬ ಘಾಟಿನ ಅಂಶ ಹೆಚ್ಚಿರುವುದರಿಂದ ನಾಯಿಗೆ ಬೇಡ. ಮಗುವಿಗೆ ಓಮದ ನೀರು ಕೊಡುತ್ತೇವಲ್ಲ ಎಂಬ ತರ್ಕ ಇಲ್ಲಿ ನಡೆಯುವುದಿಲ್ಲ. ಊಟದ ನಂತರ ಬಾಯಿಗೆ ಹಾಕಿಕೊಳ್ಳುವ ಬಣ್ಣಬಣ್ಣದ ಸಕ್ಕರೆ ಸೋಂಪನ್ನೂ ಮುಖವಾಸವನ್ನೂ ನಾಯಿಯ ಲೆಕ್ಕದಿಂದ ದೂರವಿಡಿ.

‘ಆಂಬೆಹಳದ’ ಎಂದು ಸಿಗುವುದು ಅಡುಗೆಯ ಅರಿಶಿನವಲ್ಲ. ಕಸ್ತೂರಿ ಅರಿಶಿನ ಮೈಗೆ ಹಚ್ಚುವುದಕ್ಕೆ. ಪೂಜಾ ಸಾಮಗ್ರಿಯ ಅಂಗಡಿಯ ಅರಿಶಿನ ಅಗ್ಗವಾಗಿರುವುದು ಪಿಷ್ಟ ಮತ್ತು ಬಣ್ಣ ಸೇರಿರುವುದರಿಂದ. ಅದು ದೇವರ ಮುಂದೆಯೇ ಇರಲಿ.

ಅರಿಶಿನ: ಕೀಲುನೋವಿಗೆ, ಅದೂ ಜೊತೆಗಾರನಾಗಿ ಮಾತ್ರ

ನೂರು ಗ್ರಾಂ ಅರಿಶಿನ ಪುಡಿಯಲ್ಲಿ ಕೆಲಸದ ಅಂಶವಾದ ಕರ್ಕ್ಯುಮಿನ್ ಇರುವುದು ಸುಮಾರು 3 ಗ್ರಾಂ. ಅದು ನೀರಿನಲ್ಲಿ ಕರಗುವುದಿಲ್ಲ, ಕರುಳಿನಿಂದ ರಕ್ತಕ್ಕೆ ಸೇರುವುದೂ ಬಹಳ ಕಡಿಮೆ. ಪುಡಿಯನ್ನು ಒಣಗಿದ್ದಂತೆಯೇ ಊಟದ ಮೇಲೆ ಉದುರಿಸಿದರೆ ಹೆಚ್ಚಿನ ಭಾಗ ಮಲದಲ್ಲಿ ಹೊರಬೀಳುತ್ತದೆ. ಕೊಬ್ಬು ಮತ್ತು ಕರಿಮೆಣಸು ಸೇರಿಸಿ ಎಂದು ಎಲ್ಲರೂ ಹೇಳುವುದು ಇದಕ್ಕೇ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಂಡ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆಣಸಿನ ಪಿಪರೀನ್ 20 ಮಿಲಿಗ್ರಾಂ ಕೂಡಿಸಿದಾಗ ಮನುಷ್ಯರ ರಕ್ತಕ್ಕೆ ಸೇರುವ ಕರ್ಕ್ಯುಮಿನ್ 2000% ಹೆಚ್ಚಿತು. ಎಲ್ಲರೂ ಎತ್ತಿ ಹೇಳುವ ಅಂಕಿ ಅದೇ. ಅದೇ ಅಧ್ಯಯನದಲ್ಲಿ ಇಲಿಗಳಲ್ಲಿ ಕಂಡ ಏರಿಕೆ 154% ಮಾತ್ರ ಎಂಬುದನ್ನು ಯಾರೂ ಹೇಳುವುದಿಲ್ಲ. ಪ್ರಾಣಿ ಬದಲಾದರೆ ಲೆಕ್ಕ ಬದಲಾಗುತ್ತದೆ, ನಾಯಿ ಆ ಅಧ್ಯಯನದಲ್ಲಿ ಇರಲೇ ಇಲ್ಲ.

ನಾಯಿಗಳ ಮೇಲೇ ನಡೆದ ಒಂದು ಪರೀಕ್ಷೆಯ ಫಲ 2003ರಲ್ಲಿ ಪ್ರಕಟವಾಯಿತು. ಕೀಲುವಾತದ ನಾಯಿಗಳಿಗೆ ಅರಿಶಿನದ ಸಾರ ಕೊಟ್ಟು, ಅವು ನೆಲಕ್ಕೆ ಕಾಲೂರುವ ಬಲವನ್ನು ಯಂತ್ರದಿಂದ ಅಳೆದಾಗ, ಸಾರ ತಿಂದವಕ್ಕೂ ತಿನ್ನದವಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪರೀಕ್ಷಿಸಿದ ವೈದ್ಯರ ಒಟ್ಟು ಅಂದಾಜು ಮಾತ್ರ ಸಾರದ ಪರವಾಗಿತ್ತು. ಹೀಗಾಗಿ ವೈದ್ಯರು ಬರೆದುಕೊಟ್ಟ ನೋವಿನ ಔಷಧಿ ನಿಲ್ಲಿಸಿ ಅರಿಶಿನಕ್ಕೆ ಬದಲಾಯಿಸುವುದು ನಾಯಿಗೆ ಮಾಡುವ ಅನ್ಯಾಯ. ಲಾಬ್ರಡಾರ್ ದಪ್ಪಗಾಗಿದ್ದರೆ ಎರಡು ಕಿಲೋ ಇಳಿಸಿ. ಅದರ ಸೊಂಟದ ಕೀಲಿಗೆ ಆಗುವಷ್ಟು ಉಪಕಾರ ಯಾವ ಪುಡಿಯಿಂದಲೂ ಆಗದು.

ಇಷ್ಟಾದರೂ ಕೊಟ್ಟು ನೋಡುವುದಾದರೆ ಪುಡಿಯ ಗುಣಮಟ್ಟವೇ ಮೊದಲ ಮಾತು. ಅರಿಶಿನದ ಬಣ್ಣ ಕಡುವಾಗಲೆಂದು ಮೆಟಾನಿಲ್ ಹಳದಿಯನ್ನೋ ಸೀಸದ ಕ್ರೋಮೇಟನ್ನೋ ಬೆರೆಸುವುದುಂಟು. ಹತ್ತು ಕಿಲೋದ ದೇಹಕ್ಕೆ ಸೀಸ ನಮಗಿಂತ ಬೇಗ ಹೊರೆಯಾಗುತ್ತದೆ. ಅರ್ಧ ಗ್ಲಾಸ್ ಬೆಚ್ಚಗಿನ ನೀರಿಗೆ ಅರ್ಧ ಚಮಚ ಪುಡಿ ಹಾಕಿ ಕಲಕದೆ ಬಿಟ್ಟರೆ, ಒಳ್ಳೆಯ ಪುಡಿ ತಳಕ್ಕಿಳಿದು ನೀರು ತಿಳಿಹಳದಿಯಾಗುತ್ತದೆ. ಕಡುಹಳದಿಯಾದರೆ ಬಣ್ಣ ಬೆರೆತಿದೆ. ಈ ಪರೀಕ್ಷೆ ನೀರಿನಲ್ಲಿ ಕರಗುವ ಬಣ್ಣವನ್ನಷ್ಟೇ ಹಿಡಿಯುತ್ತದೆ, ಸೀಸದ ಕ್ರೋಮೇಟ್ ನೀರಿನಲ್ಲಿ ಕರಗದು. ಆದ್ದರಿಂದ ಮೊಹರು ಮಾಡಿದ ನಂಬಿಕೆಯ ಪೊಟ್ಟಣ ತನ್ನಿ, ಇಲ್ಲವೇ ಸಾಂಗಲಿಯಿಂದ ಬರುವ ಅರಿಶಿನ ಕೊಂಬನ್ನೇ ಕೊಂಡು ಪುಡಿ ಮಾಡಿಕೊಳ್ಳಿ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲೂ ಮುಂಬಯಿಯ ಮಸಾಲೆ ಗಲ್ಲಿಗಳಲ್ಲೂ ಕೊಂಬು ಸಿಗುತ್ತದೆ. ಥಳಥಳ ಹೊಳೆಯುವ ಕೊಂಬು ಬೇಡ, ಬಣ್ಣ ಬಳಿಯುವುದು ಪಾಲಿಶ್ ಮಾಡುವ ಹೊತ್ತಿನಲ್ಲೇ. ಕೊಂಬನ್ನು ನೇರವಾಗಿ ಮಿಕ್ಸಿಗೆ ಹಾಕಿದರೆ ಬ್ಲೇಡು ಹೋಗುತ್ತದೆ, ಮೊದಲು ಕುಟ್ಟಾಣಿಯಲ್ಲಿ ಜಜ್ಜಿಕೊಳ್ಳಿ. ಗಿರಣಿಗೆ ಕೊಡುವುದಾದರೆ ನಿಮ್ಮ ಸರದಿಯ ಮುಂಚೆ ಮೆಣಸಿನಕಾಯಿ ಬೀಸಿದ್ದಾರೆಯೇ ಎಂದು ಕೇಳಿ. ಕಲ್ಲಿನಲ್ಲಿ ಉಳಿದ ಖಾರದಪುಡಿ ನಿಮ್ಮ ಅರಿಶಿನಕ್ಕೆ ಬಂದರೆ ನಾಯಿ ತಟ್ಟೆಯನ್ನು ಮತ್ತೆ ಮೂಸುವುದಿಲ್ಲ.

ಲೇಹ ಮಾಡುವ ಬಗೆ: ಎರಡು ದೊಡ್ಡ ಚಮಚ ಅರಿಶಿನ ಪುಡಿಗೆ ಕಾಲು ಕಪ್ ನೀರು ಬೆರೆಸಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ತಿರುವುತ್ತ ಇರಿ. ತಳ ಹಿಡಿಯುವಂತಿದ್ದರೆ ಒಂದೆರಡು ಚಮಚ ನೀರು ಸೇರಿಸಿ. ಗಟ್ಟಿಯಾದ ಮೇಲೆ ಇಳಿಸಿ, ಬಿಸಿ ಸ್ವಲ್ಪ ಆರಿದಾಗ ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆ, ಕಾಲು ಟೀ ಚಮಚ ಆಗಷ್ಟೇ ಕುಟ್ಟಿದ ಕರಿಮೆಣಸು ಹಾಕಿ ಕಲಸಿ. ಗಾಜಿನ ಭರಣಿಯಲ್ಲಿ ಫ್ರಿಜ್‌ನಲ್ಲಿಟ್ಟರೆ ಹತ್ತು ದಿನ ಬರುತ್ತದೆ. ಮಳೆಗಾಲದಲ್ಲಿ ಹೊರಗಿಟ್ಟರೆ ಬೂಷ್ಟು ಹಿಡಿಯುತ್ತದೆ, ಬೂಷ್ಟನ್ನು ಕೆರೆದು ತೆಗೆದು ಉಳಿದದ್ದನ್ನು ಬಳಸಬೇಡಿ.

ಈ ಲೇಹದ ದಿನದ ಗರಿಷ್ಠ ಅಳತೆ 5 ಕಿಲೋ ತೂಕದ ನಾಯಿಗೆ ಕಾಲು ಟೀ ಚಮಚ, 10 ಕಿಲೋಗೆ ಅರ್ಧ, 20 ಕಿಲೋಗೆ ಒಂದು. ಅದಕ್ಕಿಂತ ದೊಡ್ಡ ನಾಯಿಗೂ ಒಂದರಲ್ಲೇ ನಿಲ್ಲಿಸಿ. ಎರಡು ಹೊತ್ತಿನ ಊಟಕ್ಕೆ ಹಂಚಬೇಕು, ಬರಿಹೊಟ್ಟೆಗೆ ಬೇಡ. ಮೊದಲ ವಾರ ಇದರ ನಾಲ್ಕನೇ ಒಂದು ಪಾಲು ಸಾಕು. ಹಿಂದೆ ಮೇದೋಜೀರಕದ ಉರಿಯೂತ ಆಗಿದ್ದ ನಾಯಿಗೆ, ಅದರ ಒಲವು ಇರುವ ಮಿನಿಯೇಚರ್ ಶ್ನೌಜರ್ ತಳಿಗೆ, ಎಣ್ಣೆಯ ಲೇಹವೇ ಬೇಡ. ಬೇರೆ ಔಷಧಿ ನಡೆಯುತ್ತಿದ್ದರೆ ಮೆಣಸನ್ನು ಬಿಡಿ: ಪಿಪರೀನ್ ಯಕೃತ್ತಿನ ಕೆಲಸವನ್ನು ನಿಧಾನಿಸಿ ಕರ್ಕ್ಯುಮಿನ್ನನ್ನು ಉಳಿಸುವಂತೆಯೇ ಅಪಸ್ಮಾರದ ಮಾತ್ರೆಯನ್ನೂ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಸಬಲ್ಲದು.

ಅರಿಶಿನದಲ್ಲಿ ಕರಗುವ ಆಕ್ಸಲೇಟ್ ಹೇರಳ. ಮೂತ್ರಕೋಶದಲ್ಲೋ ಮೂತ್ರಪಿಂಡದಲ್ಲೋ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಆಗಿದ್ದ ನಾಯಿಗೆ ಅದು ನಿಷಿದ್ಧ. ಪಿತ್ತಕೋಶದಲ್ಲಿ ಕಲ್ಲಿದ್ದರೂ ಅಷ್ಟೇ, ಅರಿಶಿನ ಪಿತ್ತಕೋಶವನ್ನು ಹಿಂಡುತ್ತದೆ, ಕಲ್ಲು ನಾಳಕ್ಕೆ ಸಿಕ್ಕಿಕೊಳ್ಳಬಹುದು. ಇವೆರಡಕ್ಕೆ ಹೋಲಿಸಿದರೆ ಸೋಫಾದ ಕಲೆ, ಬಿಳಿ ಪಾಮೇರಿಯನ್ನಿನ ಹಳದಿ ಗಡ್ಡ ಎಲ್ಲ ಸಣ್ಣ ವಿಷಯ.

ಶುಂಠಿ: ಘಾಟಿಯ ದಾರಿಗೆ

ಮೂರರಲ್ಲಿ ಕೆಲಸ ಮಾಡಿತೋ ಇಲ್ಲವೋ ಎಂದು ಒಂದೇ ದಿನದಲ್ಲಿ ತಿಳಿಯುವುದು ಇದೊಂದರಲ್ಲೇ. ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯ ಖಂಡಾಲಾ ಘಾಟಿ, ಗೋವಾದಿಂದ ಬೆಳಗಾವಿಗೆ ಚೋರ್ಲಾ, ಸಾವಂತವಾಡಿ ಕಡೆಯಿಂದ ಆಂಬೋಲಿ, ಊರಿಗೆಂದು ಮಂಗಳೂರಿನವರೆಗಿನ ಕರಾವಳಿ ಹೆದ್ದಾರಿ: ತಿರುವುಗಳಲ್ಲಿ ಜೊಲ್ಲು ಸುರಿಸಿ ವಾಂತಿ ಮಾಡುವ ನಾಯಿಗೆ ಹಸಿಶುಂಠಿ ಪ್ರಯತ್ನಿಸಬಹುದು. ಸಿಪ್ಪೆ ತೆಗೆದು ನುಣ್ಣಗೆ ತುರಿದು, 5 ಕಿಲೋಗಿಂತ ಸಣ್ಣ ನಾಯಿಗೆ ಅರೆಕಾಲು ಟೀ ಚಮಚ, ಅಂದರೆ ಕಾಲು ಚಮಚದ ಅರ್ಧ. 5ರಿಂದ 15 ಕಿಲೋದವಕ್ಕೆ ಕಾಲು, ಅದಕ್ಕೂ ದೊಡ್ಡವಕ್ಕೆ ಅರ್ಧ ಚಮಚ. ಹೊರಡುವ ಅರ್ಧ ಗಂಟೆ ಮೊದಲು ಒಂದು ಚಮಚ ಅನ್ನದಲ್ಲಿ ಕಲಸಿ ಕೊಡಿ. ಒಣಶುಂಠಿ ಪುಡಿಯಾದರೆ ಮೂರನೇ ಒಂದು ಪಾಲು ಮಾತ್ರ.

ಹೆಚ್ಚಿನವರು ಎಡವುವುದು ಶುಂಠಿಯ ಅಳತೆಯಲ್ಲಲ್ಲ. ‘ದೂರದ ದಾರಿ, ಹಸಿದೀತು’ ಎಂದು ಹೊರಡುವ ಮುಂಚೆ ಹೊಟ್ಟೆತುಂಬ ಉಣಿಸುವುದರಲ್ಲಿ. ಪೂರ್ಣ ಊಟ ಹೊರಡುವ ಮೂರು ನಾಲ್ಕು ಗಂಟೆ ಮುಂಚೆಯೇ ಮುಗಿದಿರಲಿ. ಶುಂಠಿ ಸಾಲದೆ ಹೋದರೆ ಪಶುವೈದ್ಯರು ಮ್ಯಾರೋಪಿಟಂಟ್ ಬರೆದುಕೊಡಬಹುದು, ಅದು ನಾಯಿಗೆಂದೇ ತಯಾರಾದ ವಾಂತಿ ನಿಲ್ಲಿಸುವ ಔಷಧಿ, ಶುಂಠಿಗಿಂತ ಎಷ್ಟೋ ನಂಬಲರ್ಹ. ಚಹಾಕ್ಕೆ ಹಾಕುವ ಶುಂಠಿ ಮಸಾಲೆ ಪುಡಿ ಬೇಡ, ಅದರಲ್ಲಿ ಜಾಯಿಕಾಯಿ ಇರುವುದುಂಟು.

ಸೋಂಪು, ಜೀರಿಗೆ: ವಾಯುವಿಗೆ

ಇಲ್ಲಿ ಮಸಾಲೆಗಿಂತ ಮೊದಲು ಊಟವನ್ನೇ ನೋಡಬೇಕು. ಮುಂಬಯಿ ಪುಣೆಗಳಲ್ಲಿ ಎಷ್ಟೋ ನಾಯಿಗಳ ಊಟ ಹಾಲು ಮತ್ತು ಪೋಳಿ, ಅಂದರೆ ಚಪಾತಿ. ಬೆಳೆದ ನಾಯಿಗಳಲ್ಲಿ ಹಲವಕ್ಕೆ ಹಾಲಿನ ಲ್ಯಾಕ್ಟೋಸ್ ಜೀರ್ಣವಾಗದು, ವಾಯು ಹುಟ್ಟುವುದು ಅದರಿಂದಲೇ. ಹಾಲು ನಿಲ್ಲಿಸಿ ಒಂದು ವಾರ ನೋಡಿ. ಬಹುಪಾಲು ಸಲ ಸೋಂಪಿನ ಅಗತ್ಯವೇ ಬೀಳುವುದಿಲ್ಲ.

ಬಿದ್ದರೆ, ಕಾಲು ಟೀ ಚಮಚ ಸೋಂಪನ್ನು ಜಜ್ಜಿ ಒಂದು ಕಪ್ ನೀರಿನಲ್ಲಿ ಐದು ನಿಮಿಷ ಕುದಿಸಿ, ಸೋಸಿ, ಆರಿಸಿ, 5 ಕಿಲೋ ತೂಕಕ್ಕೆ ಒಂದು ಟೀ ಚಮಚದಂತೆ ಊಟಕ್ಕೆ ಬೆರೆಸಿ. ಜೀರಿಗೆಯ ನೀರೂ ಇದೇ ಅಳತೆ. ಎರಡರಲ್ಲಿ ಸೋಂಪೇ ಮೇಲು, ಸಿಹಿವಾಸನೆಗೆ ನಾಯಿ ಮುಖ ತಿರುಗಿಸುವುದಿಲ್ಲ. ಗಬ್ಬದ ನಾಯಿಗೆ ಮಾತ್ರ ಬೇಡ, ಸೋಂಪಿಗೆ ಈಸ್ಟ್ರೋಜನ್ನಿನಂಥ ಗುಣ ಅಲ್ಪಸ್ವಲ್ಪ ಇದೆ. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಡಾಬರ್‌ಮನ್‌ನಂಥ ಎದೆಗೂಡು ಆಳವಾದ ನಾಯಿಯ ಹೊಟ್ಟೆ ಹಠಾತ್ತನೆ ತಮಟೆಯಂತೆ ಬಿಗಿದು, ವಾಂತಿ ಬಾರದೆ ಬರೀ ಓಕರಿಸುತ್ತಿದ್ದರೆ ಅದು ವಾಯುವಲ್ಲ, ಜಠರ ತಿರುಚಿಕೊಂಡಿರಬಹುದು. ಸೋಂಪು ಕುದಿಸುತ್ತ ನಿಂತ ಐದು ನಿಮಿಷವೂ ದುಬಾರಿ, ನೇರ ಆಸ್ಪತ್ರೆಗೆ.

ದಾಲ್ಚಿನ್ನಿ

ಇದರಿಂದ ನಾಯಿಗೆ ಏನು ಲಾಭ ಎಂಬುದಕ್ಕೇ ಗಟ್ಟಿ ಉತ್ತರವಿಲ್ಲ, ನಮ್ಮ ಪಟ್ಟಿಯಲ್ಲಿ ಇದು ಕೊನೆ. ಕೊಡಲೇಬೇಕೆಂದಿದ್ದರೆ ಜಾತಿ ಗುರುತಿಸಿ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಕ್ಯಾಸಿಯಾ: ದಪ್ಪ, ಗಟ್ಟಿ, ಒಂದೇ ಸುರುಳಿಯ ತೊಗಟೆ. ಅದರಲ್ಲಿ ಯಕೃತ್ತಿಗೆ ಹೊರೆಯಾಗುವ ಕೂಮರಿನ್ ಹೆಚ್ಚು. ನಿಜವಾದ ದಾಲ್ಚಿನ್ನಿ ಕಾಗದದಂತೆ ತೆಳು, ಹಲವು ಪದರಗಳು ಬೀಡಿಯಂತೆ ಸುತ್ತಿಕೊಂಡಿರುತ್ತವೆ, ಬೆರಳಲ್ಲೇ ಪುಡಿಯಾಗುತ್ತದೆ. ಕೊಂಕಣದ ತೋಟಗಳಲ್ಲಿ ಇದು ಬೆಳೆಯುತ್ತದೆ, ದಾಪೋಲಿಯ ಕೃಷಿ ವಿದ್ಯಾಪೀಠ ‘ಕೊಂಕಣ ತೇಜ್’ ಎಂಬ ತಳಿಯನ್ನೇ ಕೊಟ್ಟಿದೆ. ಒಂದು ಚಿಟಿಕೆ, ಒದ್ದೆ ಊಟದಲ್ಲಿ ಕಲಸಿ. ಒಣಪುಡಿ ಮೂಗಿಗೆ ಹೋದರೆ ಕೆಮ್ಮು, ಉಸಿರುಕಟ್ಟು. ಎಣ್ಣೆಯಂತೂ ಬೇಡವೇ ಬೇಡ.

ಡಬ್ಬಿಯಲ್ಲೇ ಉಳಿಯಬೇಕಾದವು

ಬಿಡಿ ಪದಾರ್ಥಕ್ಕಿಂತ ಬೆರೆತ ಮಸಾಲೆಯೇ ಹೆಚ್ಚು ಅಪಾಯ. ‘ಸ್ವಲ್ಪ ಅರಿಶಿನ ಇರುತ್ತದಲ್ಲ’ ಎಂದು ಗೋಡಾ ಮಸಾಲೆಯನ್ನೋ ಸಾರಿನ ಪುಡಿಯನ್ನೋ ಹಾಕಿದರೆ ಅರಿಶಿನದ ಜೊತೆ ಹತ್ತು ಬೇರೆ ಸಂಗತಿ ಹೋಗುತ್ತವೆ. ಮಹಾರಾಷ್ಟ್ರದ ಕಾಂದಾ–ಲಸೂಣ ಮಸಾಲೆಯಲ್ಲಿ ಹೆಸರೇ ಹೇಳುವಂತೆ ಈರುಳ್ಳಿ, ಬೆಳ್ಳುಳ್ಳಿ ಒಣಗಿ ಗಟ್ಟಿಯಾಗಿ ಸೇರಿವೆ. ಗೋವಾದ ಶಾಕುತಿ ಮಸಾಲೆಯಲ್ಲಿ ಗಸಗಸೆ, ಜಾಯಿಕಾಯಿ. ರೆಶಾದ್‌ನಲ್ಲಿ ಬೆಳ್ಳುಳ್ಳಿ, ಖಾರ, ವಿನೆಗರ್.

ಈರುಳ್ಳಿ ಜಾತಿಯ ಗಂಧಕದ ಅಂಶಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕಿಲೋ ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿಯೇ ಸಾಕು, 10 ಕಿಲೋ ನಾಯಿಗೆ ಅದು ಒಂದೆರಡು ದೊಡ್ಡ ಈರುಳ್ಳಿ. ಬೇಯಿಸಿದರೂ ಹುರಿದರೂ ವಿಷ ಇಳಿಯದು. ಬೆಳ್ಳುಳ್ಳಿ ತೂಕಕ್ಕೆ ತೂಕ ಇನ್ನೂ ಬಲ. ತಿಂದ ದಿನ ನಾಯಿ ಚೆನ್ನಾಗಿಯೇ ಇರುತ್ತದೆ, ಕೆಲವು ದಿನ ಕಳೆದ ಮೇಲೆ ಒಸಡು ಬಿಳಿಚಿ, ಮೂತ್ರ ಕೆಂಪಗಾಗುತ್ತದೆ. ಅಷ್ಟರಲ್ಲಿ ತಿಂದದ್ದೇ ಮರೆತಿರುತ್ತದೆ.

ಜಾಯಿಕಾಯಿಯನ್ನು ಮಗುವಿಗೆ ತೇದು ಕೊಡುವ ಮನೆಗಳಲ್ಲಿ ಅದನ್ನು ವಿಷ ಎಂದರೆ ನಂಬುವುದು ಕಷ್ಟ. ಅದರ ಮಿರಿಸ್ಟಿಸಿನ್ ಹೆಚ್ಚಾದರೆ ನಾಯಿ ಇಲ್ಲದ್ದನ್ನು ನೋಡಿ ಬೆಚ್ಚುತ್ತದೆ, ಎದೆಬಡಿತ ಏರುತ್ತದೆ, ಫಿಟ್ಸ್ ಬರಬಹುದು. ಪರಿಣಾಮ ಎರಡು ದಿನದವರೆಗೂ ಎಳೆಯಬಹುದು. ಹೋಳಿಯ ದಿನ ಪುರಣಪೋಳಿಯ ಒಂದು ಚೂರು ಕದ್ದು ತಿಂದರೆ ಗಾಬರಿ ಬೇಡ, ಅದರಲ್ಲಿರುವುದು ಲೇಶ. ಇಡೀ ಕಾಯಿ ಕಡಿದರೆ ಗಾಬರಿಯಾಗಲೇಬೇಕು. ಗೋವಾದ ಫೋಂಡಾ ಕಡೆಯ ಕುಳಾಗರಗಳಲ್ಲಿ, ಅಂದರೆ ಅಡಿಕೆ–ಮಸಾಲೆ ತೋಟಗಳಲ್ಲಿ, ಉದುರಿದ ಕಾಯಿ ನಾಯಿಯ ಬಾಯಿಗೆ ಸುಲಭವಾಗಿ ಸಿಗುತ್ತದೆ, ಜಾಪತ್ರೆಗೂ ಇದೇ ಮಾತು.

ಹುಣಸೆಹಣ್ಣನ್ನು ಮಸಾಲೆಯೆಂದು ಯಾರೂ ಎಣಿಸುವುದಿಲ್ಲ, ಆದರೆ ನಮ್ಮ ಮನೆಗಳ ನಾಯಿಗೆ ದೊಡ್ಡ ಅಪಾಯ ಅದೇ ಇರಬಹುದು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುವುದಕ್ಕೆ ಅವುಗಳ ಟಾರ್ಟಾರಿಕ್ ಆಮ್ಲ ಕಾರಣವಿರಬಹುದೆಂದು 2021ರಿಂದೀಚೆಗೆ ಪಶುವೈದ್ಯರು ಹೇಳುತ್ತ ಬಂದಿದ್ದಾರೆ. ಹುಣಸೆಯಲ್ಲಿ ಆ ಆಮ್ಲ ಇನ್ನೂ ಹೆಚ್ಚು, ಹುಣಸೆ ತಿಂದ ನಾಯಿಗಳ ಮೂತ್ರಪಿಂಡ ಕೆಟ್ಟ ವರದಿಗಳೂ ಇವೆ. ಉಳಿದ ಸಾಂಬಾರಿನಲ್ಲಿ ಕಲಸಿದ ಅನ್ನವನ್ನು ನಾಯಿಗೆ ಹಾಕುವ ರೂಢಿ ನಿಲ್ಲಿಸಿ, ಸೊಸೈಟಿಯ ಗೇಟಿನ ಬಳಿ ಕಾಯುವ ನಾಯಿಗೂ ಹಾಕಬೇಡಿ. ಅಲ್ಲಿ ಹುಣಸೆಯ ಜೊತೆ ಈರುಳ್ಳಿ, ಉಪ್ಪು, ಖಾರ ಎಲ್ಲ ಇದೆ. ಕುಚ್ಚಲಕ್ಕಿ ಗಂಜಿ ಉಪ್ಪು ಹಾಕುವ ಮೊದಲೇ ತೆಗೆದಿಟ್ಟರೆ ಅದು ಸಾಕು.

ಇಂಗು, ಲವಂಗ, ಸಾಸಿವೆ, ಮೆಣಸಿನಕಾಯಿ ಯಾವುದೂ ಬೇಡ.

ಯಾವ ನಾಯಿಗೆ ಮೂರೂ ಬೇಡ

ಅರಿಶಿನ, ಶುಂಠಿ ಎರಡೂ ರಕ್ತ ಹೆಪ್ಪುಗಟ್ಟುವುದನ್ನು ಸ್ವಲ್ಪ ತಡೆಯುತ್ತವೆ. ಸಂತಾನಹರಣವೋ ಬೇರಾವುದೋ ಶಸ್ತ್ರಚಿಕಿತ್ಸೆ ಗೊತ್ತಾಗಿದ್ದರೆ ಎರಡು ವಾರ ಮುಂಚೆಯೇ ನಿಲ್ಲಿಸಿ. ಮೆಲಾಕ್ಸಿಕ್ಯಾಮ್, ಕಾರ್ಪ್ರೊಫೆನ್‌ನಂಥ ನೋವಿನ ಔಷಧಿ, ಇನ್ಸುಲಿನ್ ನಡೆಯುತ್ತಿದ್ದರೆ ವೈದ್ಯರನ್ನು ಕೇಳದೆ ಏನೂ ಸೇರಿಸಬೇಡಿ.

ಕರಾವಳಿಯ ಆರ್ದ್ರ ಹವೆಯಲ್ಲಿ ಉಣ್ಣಿ ವರ್ಷವಿಡೀ ಇರುತ್ತದೆ. ಉಣ್ಣಿ ಜ್ವರ ತರುವ ಎರ್ಲಿಕಿಯಾ ಎಂಬ ರೋಗಾಣು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳನ್ನು ಇಳಿಸುತ್ತದೆ. ಆಗ ‘ಜ್ವರಕ್ಕೆ ಒಳ್ಳೆಯದು’ ಎಂದು ಅರಿಶಿನ ತಿನ್ನಿಸುವುದು ರಕ್ತಸ್ರಾವಕ್ಕೆ ದಾರಿ. ಮಂದವಾಗಿರುವ, ಮೂಗಿನಲ್ಲಿ ರಕ್ತ ಕಂಡ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆ ಎದ್ದ ನಾಯಿಗೆ ರಕ್ತಪರೀಕ್ಷೆ ಮೊದಲು. ಇನ್ನೊಂದು ಗೊಂದಲವೂ ಇದೆ. ಅರಿಶಿನ ತಿಂದ ನಾಯಿಯ ಮಲ ಹಳದಿಯಾಗುವುದು ಸಹಜ. ಒಸಡು, ಕಣ್ಣಿನ ಬಿಳಿಭಾಗ ಹಳದಿಯಾದರೆ ಅದು ಅರಿಶಿನದ ಬಣ್ಣವಲ್ಲ, ಕಾಮಾಲೆ. ಬೆಬೇಸಿಯಾ ಎಂಬ ಇನ್ನೊಂದು ಉಣ್ಣಿ ರೋಗದಲ್ಲೂ ಹೀಗಾಗುತ್ತದೆ. ‘ಹಳದಿ ಹಾಕಿದ್ದೇವಲ್ಲ’ ಎಂದು ಕಾಯುತ್ತ ಕೂತರೆ ಕೈಮೀರುತ್ತದೆ.

ಮೊದಲ ವಾರ

ಒಂದು ಸಲಕ್ಕೆ ಒಂದೇ ಪದಾರ್ಥ. ಅರಿಶಿನವನ್ನೂ ಸೋಂಪನ್ನೂ ಒಟ್ಟಿಗೆ ಶುರುಮಾಡಿ ಭೇದಿಯಾದರೆ ಯಾವುದರಿಂದ ಎಂದು ತಿಳಿಯುವುದಿಲ್ಲ. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದು ಅದರ ತೂಕ ಹಿಡಿಯಿರಿ. ಕಣ್ಣಂದಾಜಿನಲ್ಲಿ ಎಲ್ಲರ ನಾಯಿಯೂ ಎರಡು ಕಿಲೋ ಕಡಿಮೆಯೇ. ಅಡುಗೆಯ ಚಮಚವಲ್ಲ, ಅಳತೆಯ ಚಮಚ ಬಳಸಿ. ಭೇದಿ, ವಾಂತಿ, ತುರಿಕೆ ಕಂಡರೆ ಆ ದಿನವೇ ನಿಲ್ಲಿಸಿ. ಎರಡು ದಿನದಲ್ಲಿ ಸರಿಹೋಗದಿದ್ದರೆ ವೈದ್ಯರಿಗೆ ತೋರಿಸಿ. ಅರಿಶಿನವನ್ನು ಒಂದೂವರೆ ತಿಂಗಳು ಕೊಟ್ಟೂ ಮೆಟ್ಟಿಲು ಹತ್ತುವುದರಲ್ಲಿ ವ್ಯತ್ಯಾಸ ಕಾಣದಿದ್ದರೆ ಬಿಟ್ಟುಬಿಡಿ.

ತಿನ್ನಬಾರದ್ದು ತಿಂದಾಗ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಉಪ್ಪೇ ಇನ್ನೊಂದು ವಿಷವಾದೀತು. ಮುಂಬಯಿಯಲ್ಲಾದರೆ ಪರೇಲಿನ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ, ಬೇರೆಡೆ ಹತ್ತಿರದ ಪಶುವೈದ್ಯರು. ಎಷ್ಟು ಹೊತ್ತಿಗೆ ತಿಂದಿತು, ಸುಮಾರು ಎಷ್ಟು ಚಮಚ ಎಂದು ಬರೆದುಕೊಳ್ಳಿ. ಹರಿದ ಮಸಾಲೆ ಪೊಟ್ಟಣವನ್ನು ಕಸಕ್ಕೆ ಎಸೆಯದೆ ಜೊತೆಗೇ ಒಯ್ಯಿರಿ, ಅದರ ಹಿಂಬದಿಯಲ್ಲಿ ಮುದ್ರಿಸಿದ ಪದಾರ್ಥಗಳ ಪಟ್ಟಿಯನ್ನೇ ವೈದ್ಯರು ಮೊದಲು ಕೇಳುವುದು.